ಜಿಪಿಎಕ್ಸ್ ಕಳಿಸುವ ಮುಂಚೆ ಮನೆಯಂಗಳ ಅಳಿಸಿ

ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡ ಹತ್ತಿ ಬಂದ ಗೆಳೆಯರೊಬ್ಬರು ಮೊನ್ನೆ ವಾಟ್ಸಾಪ್ ಗ್ರೂಪಿಗೆ ತಮ್ಮ ದಾರಿಯ ಜಿಪಿಎಕ್ಸ್ ಫೈಲ್ (ಜಿಪಿಎಸ್ ದಾಖಲಿಸಿದ ದಾರಿ ಇರುವ ಫೈಲ್) ಹಾಕಿದರು. ತೆರೆದು ನೋಡಿದರೆ ದಾರಿ ಶುರುವಾದದ್ದು ಗುಡ್ಡದ ಬುಡದಲ್ಲಲ್ಲ, ಬದಿಯಡ್ಕದ ಹತ್ತಿರ ಅವರ ಮನೆ ಜಗಲಿಯಲ್ಲಿ! ಎಷ್ಟು ಗಂಟೆಗೆ ಹೊರಟರು, ಎಷ್ಟಕ್ಕೆ ಮರಳಿದರು, ಎಲ್ಲವೂ ಅದರಲ್ಲಿತ್ತು.

ಜಿಯೋಕ್ಯಾಶಿಂಗ್ ಅಂದರೆ ಯಾರೋ ಅಡಗಿಸಿಟ್ಟ ಡಬ್ಬಿಯನ್ನು (ಅದೇ 'ಕ್ಯಾಶ್') ಜಿಪಿಎಸ್ ಹಿಡಿದು ಹುಡುಕುವ ಆಟ. 2000ದ ಮೇ 3ರಂದು ಅಮೆರಿಕದ ಆರೆಗಾನ್‌ನಲ್ಲಿ ಡೇವ್ ಉಲ್ಮರ್ ಒಂದು ಬಕೆಟ್ ಅಡಗಿಸಿದಲ್ಲಿಂದ ಇದು ಶುರು. ಆಟ ಸುಲಭ. ಎಡವಟ್ಟಾಗುವುದು ಫೈಲ್ ಹಂಚುವಾಗ.

ಮೊದಲು, ಫೈಲ್ ಯಾರದ್ದು ನೋಡಿ. ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಿಂದ ಇಳಿಸಿಕೊಂಡ ಕ್ಯಾಶ್‌ಗಳ ಪಟ್ಟಿ ನಿಮ್ಮ ಸ್ವಂತ ಬಳಕೆಗೆ ಮಾತ್ರ. ಅದನ್ನು ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. ಆ ಸೈಟಿನಲ್ಲಿ ಪ್ರತಿ ಕ್ಯಾಶ್‌ಗೂ ಇರುವ ಗುರುತಾದ ಜಿಸಿ ಕೋಡ್ ಕೊಡಿ, ಬೇಕಾದವರು ತಾವೇ ತೆಗೆದುಕೊಳ್ಳಲಿ. ಒಗಟು ಬಿಡಿಸಿಯೇ ಹುಡುಕಬೇಕಾದ ಕ್ಯಾಶ್‌ನ ಕೊನೆಯ ಜಾಗ ಹೇಳಿಬಿಡುವವರ ಜೊತೆ ನಾನಂತೂ ಮತ್ತೆ ಹೋಗುವುದಿಲ್ಲ.

ಆಮೇಲೆ, ನೀವೇ ನಡೆದ ದಾರಿಯ ಫೈಲ್. ಇದರ ಮೊದಲ ಕೆಲಸ, ಒಂದು ಪ್ರತಿ ಮಾಡಿಟ್ಟುಕೊಳ್ಳುವುದು. ಪ್ರತಿಯನ್ನು ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್‌ನಿಂದ ತೆರೆಯಿರಿ, ಫೋನಿನಲ್ಲಿ ಬೇಡ, ಬೆರಳು ತಪ್ಪುತ್ತದೆ. ಬರೀ ಅಕ್ಷರಗಳ ಫೈಲ್ ಅದು. ಪ್ರತಿ ಬಿಂದುವಿಗೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಇರುತ್ತದೆ. ಸಮಯ 00:40 ಅಂತಿದ್ದರೆ ಗಾಬರಿ ಬೇಡ, ಅದು ಯುಟಿಸಿ ಅನ್ನುವ ಜಾಗತಿಕ ಸಮಯ, 5:30 ಕೂಡಿಸಿ: ನಮ್ಮ ಬೆಳಿಗ್ಗೆ 6:10.

ಸೆಕೆಂಡಿಗೊಂದು ಬಿಂದು ದಾಖಲಾಗಿದ್ದರೆ ಐದು ನಿಮಿಷದ ನಡಿಗೆಗೇ 300 ಬಿಂದು. ಮೇಲಿನ ಹತ್ತು ಅಳಿಸಿ 'ಆಯ್ತು' ಅನ್ನುವವರನ್ನು ಕಂಡಿದ್ದೇನೆ. ಜಗಲಿಯಿಂದ ಗೇಟಿಗೆ ಬಂದಿರುತ್ತಾರೆ, ಅಷ್ಟೇ! ಬಸ್ ನಿಲ್ದಾಣವೋ ಪೇಟೆಯ ಜಂಕ್ಷನ್ನೋ ಬರುವ ತನಕ ಅಳಿಸಿ. ಮನೆಯಿಂದ ಸುತ್ತಲೂ ಇಂತಿಷ್ಟು ಮೀಟರ್ ಅಂತ ಲೆಕ್ಕ ಹಾಕಿ ಕತ್ತರಿಸಬೇಡಿ. ನಾಲ್ಕಾರು ದಿಕ್ಕಿಗೆ ಹೋದ ಫೈಲುಗಳನ್ನು ಒಟ್ಟು ಸೇರಿಸಿದರೆ ತುದಿಗಳೆಲ್ಲ ಒಂದು ವೃತ್ತವಾಗುತ್ತವೆ, ನಡುವೆ ನಿಮ್ಮ ಮನೆ. ಹೋದ ದಾರಿಯಷ್ಟೇ ಅಲ್ಲ, ವಾಪಸ್ ಬಂದದ್ದೂ ಕತ್ತರಿಸಬೇಕು. ಇದನ್ನೇ ಎಲ್ಲರೂ ಮರೆಯುವುದು.

ಬಿಂದುವನ್ನು ಅರ್ಧಕ್ಕೆ ಕತ್ತರಿಸಬೇಡಿ, ಫೈಲ್ ತೆರೆಯುವುದೇ ಇಲ್ಲ. ಶುರುವಿನ ಮತ್ತು ಕೊನೆಯ ಕೆಲವು ಸಾಲುಗಳು ಫೈಲಿನ ಚೌಕಟ್ಟು, ಮುಟ್ಟಬೇಡಿ. ಅಲ್ಲಿ ನಿಮ್ಮ ಹೆಸರಿದ್ದರೆ ಅದನ್ನಷ್ಟೇ ತೆಗೆಯಿರಿ. ಮತ್ತೆ ನಕ್ಷೆಯಲ್ಲಿ ತೆರೆದು ಎರಡೂ ತುದಿ ನೋಡಿ.

'ಇಲ್ಲಿ ಹಾಕಿ, ನಾವೇ ಕತ್ತರಿಸುತ್ತೇವೆ' ಅನ್ನುವ ಪುಕ್ಕಟೆ ಸೈಟುಗಳಿವೆ ಅಲ್ವಾ? ನಾನು ಮುಟ್ಟುವುದಿಲ್ಲ. ಅಳಿಸಬೇಕಾದ ಮನೆಯನ್ನೇ ಅವರ ಕೈಗೆ ಕೊಟ್ಟ ಹಾಗೆ. ನಿಮ್ಮ ನೆಟ್ ಸಂಪರ್ಕದ ಐಪಿ ವಿಳಾಸ ಅವರಿಗೆ ಹೇಗೂ ಸಿಗುತ್ತದೆ, ಕುಕೀ ಬೇರೆ ಇಟ್ಟು ಮುಂದಿನ ಸಲ ಬಂದರೆ ಗುರುತು ಹಿಡಿಯಬಹುದು. ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದರೂ ಐಪಿ ಮುಚ್ಚುವುದಿಲ್ಲ. ಜಿಪಿಎಸ್‌ಬೇಬಲ್ ಅನ್ನುವ ಉಚಿತ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ, ಅದು ಸಾಕು.

ಫೈಲಿನ ಬದಲು ಯಾವುದಾದರೂ ಪುಟದ ಲಿಂಕ್ ಕಳಿಸುವಾಗ ಬಾಲದಲ್ಲಿ 'ಯುಟಿಎಂ' (utm_) ಅಂತ ಶುರುವಾಗುವುದೇನಾದರೂ ಇದ್ದರೆ ಅಳಿಸಿ. ಯಾವ ಜಾಹೀರಾತಿನಿಂದ, ಯಾವ ಆ್ಯಪಿನಿಂದ ಬಂದಿರಿ ಅಂತ ಲೆಕ್ಕ ಇಡುವ ಗುರುತು ಅದು, ಪುಟ ತೆರೆಯಲು ಬೇಕಾಗಿಲ್ಲ.

ನಮ್ಮೂರಿಗೆ ಸೇರಿದ ಮಾತು ಒಂದಿದೆ. ದಾರಿಯಲ್ಲಿ ಯಾರದೋ ತೋಟದ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಸಿಕ್ಕಿದರೆ ಅದರ ನಿಖರ ಜಾಗ ಹಂಚಬೇಡಿ. ತೋಟದವರು ಕರೆದದ್ದು ನಿಮ್ಮನ್ನು, ಇಡೀ ಗ್ರೂಪನ್ನಲ್ಲ. ಅಕ್ಷಾಂಶ, ರೇಖಾಂಶ ಎರಡರಲ್ಲೂ ದಶಮಾಂಶದ ಎರಡೇ ಅಂಕಿ ಉಳಿಸಿ, ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಅದರ ಫೋಟೋವನ್ನೂ ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿಯೇ ಕಳಿಸಿ. 'ಚೆನ್ನಾಗಿ ಬರಲಿ' ಅಂತ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಕ್ಯಾಮೆರಾ ಬರೆದಿಟ್ಟ ಜಾಗವೂ ಜೊತೆಗೇ ಹೋಗುತ್ತದೆ.