ಮೊರ್ಕಿಯೊ ಹುಡುಗನ ಕತ್ತಿಗೆ ಸ್ಕ್ರೂ, ಶಿವಮೊಗ್ಗದಲ್ಲೇ ಆಯ್ತು: ನನ್ನ ಅನುಭವ

ಸಾಗರದ ಕಡೆಯಿಂದ ಗಿಡ್ಡ ಮಗು ಬಂದ್ರೆ ಸಾಕು, ಎಲ್ರೂ ಹಂದಿಗೋಡು ಕಾಯಿಲೆ ಅಂತಾರೆ. ಅದು ಜಾಸ್ತಿ ಸೊಂಟ, ಮಂಡಿದು. ಈ ಹುಡುಗಂದು ಮೊರ್ಕಿಯೊ, ಎಲುಬು ಸರಿಯಾಗಿ ಬೆಳೆಯದ ಹುಟ್ಟು ಕಾಯಿಲೆ. ಕತ್ತಿನ ಮೊದಲೆರಡು ಎಲುಬು ಸಿ1, ಸಿ2; ಸಿ2 ಮೇಲೆ ಗೂಟದಂಗೆ ನಿಂತು ಎರಡನ್ನೂ ಹಿಡಿಯೋ ಓಡಾಂಟಾಯ್ಡ್ ಹೆಸರಿಗಷ್ಟೇ ಇತ್ತು, ಕತ್ತು ಬಗ್ಸಿದ್ರೆ ಸಿ1 ಮುಂದಕ್ಕೆ ಜಾರೋದು, ಎಂಆರ್‌ಐ ಟಿ2 ಚಿತ್ರದಲ್ಲಿ ಬೆನ್ನುಹುರಿ ಆಗ್ಲೇ ಬೆಳ್ಳಗಿತ್ತು, ಅಂದ್ರೆ ಪೆಟ್ಟು ಬಿದ್ದಿತ್ತು. ಸಿ1-ಸಿ2 ಎರಡಕ್ಕೇ ಸ್ಕ್ರೂ ಹಾಕ್ತೀನಿ ಅಂದೆ. ಸೀನಿಯರ್ಸ್ ನಕ್ರು, "ಇಷ್ಟು ಚಿಕ್ಕ ಎಲುಬಲ್ಲಿ ಎಲ್ಲಿ ನಿಲ್ಲುತ್ತಯ್ಯ, ತಲೆಬುರುಡೆವರೆಗೂ ಕೂಡಿಸಿ ಫ್ಯೂಸ್ ಮಾಡು, ಇಲ್ಲ ಬೆಂಗಳೂರಿಗೆ ಕಳ್ಸು."

ಟೆಕ್ನಿಕ್ ಹೊಸದಲ್ಲ, ಮುಂಬೈನ ಅತುಲ್ ಗೋಯೆಲ್ 1994ರಲ್ಲೇ ಬರೆದಿದ್ರು, ಜರ್ಮನಿಯ ಹಾರ್ಮ್ಸ್ 2001ರಲ್ಲಿ ಸ್ಕ್ರೂ ಜೋಡಿಸೋ ರಾಡ್ ತಂದ್ರು. ಎಲುಬಿಗೆ ತಂತಿ ಸುತ್ತಿ ಕಟ್ಟೋ ಹಳೇ ವೈರಿಂಗ್ ಗತಿ ನಾನು ಮೊದ್ಲೇ ಬೇರೆ ಮಕ್ಕಳಲ್ಲಿ ನೋಡಿದ್ದೆ, ಇಂಥ ಮಕ್ಕಳ ಸಿ1ನ ಹಿಂದಿನ ಕಮಾನು ಅರ್ಧ ಮೆತ್ತನೆ ಕಾರ್ಟಿಲೇಜು, ವೈರು ಬೆಣ್ಣೆ ಕುಯ್ದಂಗೆ ಕುಯ್ಕೊಂಡು ಬಂದಿತ್ತು. ಮೇಲಿಂದ ಆ ಮಕ್ಕಳಿಗೆ ಹೇಲೋ ವೆಸ್ಟು, ಅಂದ್ರೆ ತಲೆಗೆ ಪಿನ್ನಲ್ಲಿ ಕೂರಿಸಿದ ರಿಂಗು, ಅದನ್ನ ಹಿಡಿಯೋ ಜಾಕೆಟ್ಟು. ನಮ್ಮೂರ ಜುಲೈ ಮಳೇಲಿ ಒಳಗಿನ ಉಣ್ಣೆ ಒಣಗಲ್ಲ, ನಾತ, ಪಿನ್ ಸುತ್ತ ಕೀವು. ಉಣ್ಣೆ ಬದ್ಲು ಕಾಟನ್ ಬನಿಯನ್ ಕತ್ರಿಸಿ ತೂರಿಸಿ ನೋಡ್ದೆ, ಹೇರ್ ಡ್ರೈಯರ್ ತಣ್ಣನೆ ಗಾಳಿ ಬಿಡ್ಸಿದೆ, ಕರೆಂಟ್ ಇದ್ರೆ ತಾನೇ.

ಈ ಹುಡುಗಂಗೆ ಕೆಲ್ಸಕ್ಕೆ ಬಂದಿದ್ದು ಅವನ ಕತ್ತಿನ ಎಲುಬಿನ 3ಡಿ ಪ್ರಿಂಟ್ ಮಾಡೆಲ್ಲು. ಕಂಪನಿಯವ್ರು 25,000 ಚಿಲ್ಲರೆ ಕೇಳಿದ್ರು, ಇಲ್ಲೇ ಇಂಜಿನಿಯರಿಂಗ್ ಓದೋ ಹುಡುಗ ಸಿಟಿ ಫೈಲ್ ತಗೊಂಡು ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ಕಲ್ಲಿ 1,500ಕ್ಕೆ ಪ್ರಿಂಟ್ ಹೊಡ್ದುಕೊಟ್ಟ. ಸ್ಕ್ರೂ ದಾರಿ ಅದ್ರ ಮೇಲೆ ಅಭ್ಯಾಸ ಮಾಡಕ್ಕೆ ಪವರ್ ಡ್ರಿಲ್ ಹಾಕಿದ್ರೆ ಪಿಎಲ್‌ಎ ಕರಗಿ ಬಿಟ್ಟಿಗೇ ಸುತ್ಕೊಳ್ಳುತ್ತೆ, ತೂತು ದೊಡ್ಡದಾಗುತ್ತೆ, ಅದಕ್ಕೆ ಕೈ ಡ್ರಿಲ್ಲು, ನಿಧಾನ, ಮೇಲೆ ನೀರು ಬಿಡ್ತಾ. ಎಡಗಡೆ ಮಿದುಳಿಗೆ ಹೋಗೋ ವರ್ಟಿಬ್ರಲ್ ಆರ್ಟರಿ ರಕ್ತನಾಳ ಸಿ2 ಒಳಗೆ ತೀರಾ ಮೇಲೆ ಹತ್ತಿತ್ತು, ಅಲ್ಲಿ ಅದ್ರ ಪಕ್ಕದ ಪೆಡಿಕಲ್‌ಗೆ ಸ್ಕ್ರೂ ಹಾಕೋ ಆಸೆ ಬಿಟ್ಟು ಎಲುಬಿನ ಹಿಂದಿನ ಹಲಗೆ, ಲ್ಯಾಮಿನಾಗೆ ಹೋಗೋದು ಅಂತ ಟೇಬಲ್ ಮೇಲೇ ತೀರ್ಮಾನ ಆಯ್ತು. ಸ್ಕ್ರೂ ಎಲ್ಲ 3.5 ಎಂಎಂ.

ಖರ್ಚು ಬಿದ್ದಿದ್ದು ಆಪರೇಷನ್ ವೇಳೆ ಬೆನ್ನುಹುರಿ ಕೆಲ್ಸ ಮಾಡ್ತಿದ್ಯಾ ಅಂತ ನೋಡೋ ಮಾನಿಟರಿಂಗ್‌ಗೆ, ಬೆಂಗಳೂರಿಂದ ಟೀಮ್ ಬರಕ್ಕೆ ಕಾರು ಸೇರಿ 30,000 ಹತ್ರ. ಅದ್ರಲ್ಲಿ ಚೌಕಾಸಿ ಮಾಡ್ಬೇಡಿ, ಬೋರಲು ತಿರುಗಿಸೋ ಮುಂಚೆ ಒಂದ್ಸಲ, ತಿರುಗಿಸಿದ್ಮೇಲೆ ಒಂದ್ಸಲ ಎಂಇಪಿ, ಅಂದ್ರೆ ಮಿದುಳಿಂದ ಕೈಕಾಲಿಗೆ ಸಿಗ್ನಲ್ ಹೋಗುತ್ತಾ ಅನ್ನೋ ಟೆಸ್ಟು, ನೋಡ್ಲೇಬೇಕು. ಉಸಿರಾಟಕ್ಕೆ ಗಂಟಲಿಗೆ ಹಾಕೋ ಟ್ಯೂಬ್ ಫೈಬರ್‌ಆಪ್ಟಿಕ್ ಕ್ಯಾಮೆರಾಲೇ, ವಯಸ್ಸಿನ ಲೆಕ್ಕಕ್ಕಿಂತ ಸಣ್ಣ ಸೈಜು ಕೈಲಿರ್ಲಿ. ಸಿ2 ನರದ ಸುತ್ತ ಸಿರೆಗಳಿಂದ ಬರೋ ರಕ್ತ ನಿಲ್ಸಕ್ಕೆ ನಂದೊಂದು ಪಟ್ಟು ಇದೆ, ಇಲ್ಲಿ ಬರೆಯಲ್ಲ, ಥಿಯೇಟರ್‌ಗೆ ಬಂದ್ರೆ ತೋರಿಸ್ತೀನಿ. ಎರಡೂ ಎಲುಬು ಕೂಡಕ್ಕೆ ಇಟ್ಟ ಗ್ರಾಫ್ಟು ಪಕ್ಕೆಲುಬಿಂದು.

ಆಪರೇಷನ್ ಆದ್ಮೇಲೆ ಹೇಲೋ ಇಲ್ಲ, ಬರೀ ಕತ್ತಿನ ಕಾಲರ್. ಕತ್ತು ತಿರುಗೋದು ಅರ್ಧ ಕಮ್ಮಿ, ತಲೆ ಆಡಿಸ್ತಾನೆ, ಸಿಟಿಲಿ ಎಲುಬು ಕೂಡಿದೆ. ನಕ್ಕ ಸೀನಿಯರ್ ಒಬ್ರು ಮೊನ್ನೆ ಅವ್ರ ಪೇಶೆಂಟ್ ಸಿಟಿ ಕಳ್ಸಿದ್ರು, ಒಂದು ಪ್ರಿಂಟ್ ಹಾಕ್ಸಿಕೊಡಪ್ಪ ಅಂತ. 5 ಎಂಎಂ ಸ್ಲೈಸು! ವಾಪಸ್ ಕಳ್ಸಿದೀನಿ, 1 ಎಂಎಂ ಒಳಗೆ ಮಾಡ್ಸಿ ಸಾರ್ ಅಂತ.