‘ಆಲ್ಫಿ’ಗೆ ಕನ್ನಡ ಅಡಿಬರಹ: ಮಂಗಳೂರು–ಉಡುಪಿಯ ಪ್ರೇಕ್ಷಕರಿಗಾಗಿ

ಲೂಯಿಸ್ ಗಿಲ್ಬರ್ಟ್ 1966ರಲ್ಲಿ ನಿರ್ದೇಶಿಸಿದ ‘ಆಲ್ಫಿ’ಯಲ್ಲಿ ಮೈಕೆಲ್ ಕೇನ್ ಆಲ್ಫಿಯಾಗಿ ಒಬ್ಬಳ ಮನೆಯಿಂದ ಇನ್ನೊಬ್ಬಳ ಮನೆಗೆ ಅಲೆಯುತ್ತಾ, ನಡುನಡುವೆ ಕ್ಯಾಮೆರಾದತ್ತ ತಿರುಗಿ ನಮ್ಮೊಂದಿಗೇ ಮಾತಾಡುತ್ತಾನೆ. ಸಭಾಭವನದಲ್ಲಿ ತೋರಿಸುವುದಾದರೆ ಮೊದಲು ಹಕ್ಕುದಾರರ ಲಿಖಿತ ಅನುಮತಿ ಪಡೆಯಿರಿ. ಆಮೇಲೆ ಅಡಿಬರಹದ (ಸಬ್‌ಟೈಟಲ್) ಕೆಲಸ.

ಎಲ್ಲಕ್ಕಿಂತ ಕಷ್ಟದ್ದು ಒಂದು ಸರ್ವನಾಮ. ಆಲ್ಫಿ ಹೆಂಗಸರನ್ನು ‘ಇಟ್’ ಎನ್ನುತ್ತಾನೆ. ಬೆಂಗಳೂರಿನವರಿಗೆ ‘ಅದು’ ಎಂದು ಬರೆದರೆ ಚುರುಕ್ಕೆನ್ನುತ್ತದೆ. ಪುತ್ತೂರು, ವಿಟ್ಲದ ಹವ್ಯಕರಿಗೆ ಏನೂ ಅನ್ನಿಸದು. ಅವರ ಮಾತಿನಲ್ಲಿ ಹೆಂಗಸರಿಗೆ ‘ಅದು ಬಂತು’ ಎನ್ನುವುದೇ ರೂಢಿ. ಹಾಗಾಗಿ ಅವಮಾನವನ್ನು ಸರ್ವನಾಮದಿಂದ ತೆಗೆದು ಕ್ರಿಯಾಪದಕ್ಕೆ ಹಾಕಿ: ‘ಬಾಳಿಕೆ ಬರುತ್ತದೆ’, ‘ಇನ್ನೂ ಕೆಟ್ಟಿಲ್ಲ’. ಸಾಮಾನಿನ ಬಗ್ಗೆ ಆಡುವ ಮಾತು ಹೆಣ್ಣಿನ ಮೇಲೆ ಬಂದಾಗ ಎಲ್ಲರಿಗೂ ತಾಗುತ್ತದೆ.

ನಮ್ಮತ್ತ ತಿರುಗಿದಾಗ ಅವನ ಬಾಯಲ್ಲಿ ‘ಮಾರಾಯ್ರೆ’ ಇರಲಿ. ಪಾತ್ರಗಳ ಜೊತೆ ಮಾತಾಡುವಾಗ ಆ ಪದ ಬೇಡ. ಯಾರಿಗೆ ಹೇಳುತ್ತಿದ್ದಾನೆ ಎಂಬುದು ಅದರಿಂದಲೇ ತಿಳಿಯಬೇಕು. ಒಂದೇ ಉಸಿರಿನಲ್ಲಿ ಅವಳಿಗೂ ನಮಗೂ ಮಾತಾಡುವಲ್ಲಿ, ಕತ್ತು ತಿರುಗುವ ಕ್ಷಣಕ್ಕೆ ಸರಿಯಾಗಿ ಅಡಿಬರಹವನ್ನು ಎರಡಾಗಿ ಒಡೆಯಿರಿ. ಹತ್ತು ಸಲ ತಿರುಗಿದರೆ ಎರಡು ಸಲ ‘ಮಾರಾಯ್ರೆ’ ಸಾಕು, ಹೆಚ್ಚಾದರೆ ನಾಟಕದ ಹಾಸ್ಯಪಾತ್ರವಾದಾನು.

ಆಲ್ಫಿಯಿಂದ ಬಸಿರಾದ ಲಿಲಿಯ ಗರ್ಭಪಾತದ ದೃಶ್ಯದಲ್ಲಿ ‘ಗರ್ಭಪಾತ’ ಎಂಬ ಪದ ಆದಷ್ಟು ಬೇಡ. ಬ್ರಿಟನ್ನಿನಲ್ಲಿ ಅದಕ್ಕೆ ಕಾನೂನು ದಾರಿ ತೆರೆದದ್ದು 1967ರ ಕಾಯ್ದೆ, ಜಾರಿಗೆ ಬಂದದ್ದು 1968ರಲ್ಲಿ. ಅಂದರೆ ಚಿತ್ರದಲ್ಲಿ ಇದು ಕದ್ದು ಮಾಡುವ ಕೆಲಸ. ‘ತೆಗೆಸುವುದು’ ಎಂದರೆ ಸಾಕು, ನಮ್ಮ ಮನೆಗಳಲ್ಲೂ ದನಿ ತಗ್ಗಿಸಿ ಆಡುವ ಮಾತು ಅದೇ. ಆಲ್ಫಿ ನೋಡಬಾರದ್ದನ್ನು ನೋಡಿದಾಗ ಕ್ಯಾಮೆರಾ ಅವನ ಮುಖವನ್ನಷ್ಟೇ ತೋರಿಸುತ್ತದೆ. ಅಲ್ಲಿ ಪರದೆ ಖಾಲಿ ಬಿಡಿ, ‘ಅಳುತ್ತಾನೆ’ ಎಂದು ಬರೆಯಲೇಬೇಡಿ.

ಸಾಲಿಗೆ 18 ಅಕ್ಷರ, ಎರಡೇ ಸಾಲು, ಕನಿಷ್ಠ ಒಂದೂವರೆ ಸೆಕೆಂಡು. ತಂತ್ರಾಂಶದ ಎಣಿಕೆ ನಂಬಬೇಡಿ: ‘ಸ್ತ್ರೀ’ ನಮಗೆ ಒಂದು ಅಕ್ಷರ, ಕಂಪ್ಯೂಟರಿನ ಅಕ್ಷರಸಂಕೇತವಾದ ಯುನಿಕೋಡ್‌ಗೆ ಆರು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಕಡತ ಪರದೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ; ಯುನಿಕೋಡಿಗೆ ಬದಲಿಸಿ, ಯುಟಿಎಫ್-8 ಆಗಿ ಉಳಿಸಿ.

ಮೊದಲ ಸಾಲು ಹೊಂದಿದ್ದು, ಹತ್ತನೇ ನಿಮಿಷಕ್ಕೆ ಸುಮಾರು 24 ಸೆಕೆಂಡು ತಪ್ಪಿದರೆ ಅದು ಫ್ರೇಮಿನ (ಸೆಕೆಂಡಿಗೆ ಓಡುವ ಚಿತ್ರಗಳ) ವೇಗದ ದೋಷ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು; ಯುರೋಪಿನ ಟಿವಿ ಪದ್ಧತಿಯಾದ ಪಾಲ್‌ನ ಡಿವಿಡಿ ಸೆಕೆಂಡಿಗೆ 25 ಫ್ರೇಮಿನಲ್ಲಿ ಓಡುವುದರಿಂದ 114 ನಿಮಿಷದ ಚಿತ್ರ 109ರಲ್ಲೇ ಮುಗಿಯುತ್ತದೆ. ಸಾಲುಗಳನ್ನು ಹಿಂದೆಮುಂದೆ ಸರಿಸುತ್ತಾ ಕೂರಬೇಡಿ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸಿ.

ಚಿತ್ರದ ಅಗಲ ಎತ್ತರದ 2.35 ಪಟ್ಟು. ಹತ್ತಡಿ ಅಗಲದ ಪರದೆಯಲ್ಲಿ ಎತ್ತರ ನಾಲ್ಕೂಕಾಲು ಅಡಿ, ಕೆಳಗೆ ಕಪ್ಪು ಪಟ್ಟಿ. ಅಕ್ಷರ ಅಲ್ಲಿಗೆ ಚಂದ. ಆದರೆ ಸಮತಟ್ಟಾದ ನೆಲದ ಭವನದಲ್ಲಿ ಮುಂದಿನವರ ತಲೆ ಅಡ್ಡ ಬರುತ್ತದೆ, ಆಗ ಚಿತ್ರದೊಳಕ್ಕೇ ಏರಿಸಿ. ಕಡೆಯ ಸಾಲಿನ ಕುರ್ಚಿಯಲ್ಲಿ ಕೂತು ಒಮ್ಮೆ ಪೂರ್ತಿ ಓದಿ. ಶೀಟಿನ ಮಾಡು ಇದ್ದು, ಆಟಿ ತಿಂಗಳ ಮಳೆ ಹೊಯ್ಯುತ್ತಿದ್ದರೆ ಮಾತು ಕೇಳಿಸದು, ಜನರಿಗೆ ಉಳಿಯುವುದು ಈ ಅಕ್ಷರವೊಂದೇ.