ತಂದೆಯಿಂದ ಬಂದ ಬಾಡಿಗೆ ಮನೆಯನ್ನು ಮಾರುವಾಗ ಬಂಡವಾಳ ಲಾಭದ ಲೆಕ್ಕ

ತಂದೆಯ ಕಾಲಾನಂತರ ಪೌತಿ ಖಾತೆಯಾಗಿ ಹೆಸರಿಗೆ ಬಂದ ಬಾಡಿಗೆ ಮನೆಯನ್ನು ಮಾರಲು ಹೊರಟವರು ಸಾಮಾನ್ಯವಾಗಿ ತಂದೆ ತೀರಿಕೊಂಡ ದಿನದ ಬೆಲೆಯನ್ನೇ ಅಸಲೆಂದು ಹಿಡಿಯುತ್ತಾರೆ. ತಾವು ದುಡ್ಡು ಕೊಟ್ಟು ಕೊಂಡದ್ದಲ್ಲವಾದ್ದರಿಂದ ಅಸಲೇ ಇಲ್ಲವೆನ್ನುವವರೂ ಇದ್ದಾರೆ. ಎರಡೂ ತಪ್ಪು. ಉತ್ತರಾಧಿಕಾರದಿಂದ ಆಸ್ತಿ ಕೈಗೆ ಬಂದಾಗ ಬಂಡವಾಳ ಲಾಭ ತೆರಿಗೆ, ಅಂದರೆ ಆಸ್ತಿ ಮಾರಿ ಬಂದ ಲಾಭದ ಮೇಲಿನ ತೆರಿಗೆ, ಇಲ್ಲ. ಮಾರಿದಾಗ ತಂದೆ ಕೊಂಡ ಬೆಲೆಯೇ ನಿಮ್ಮ ಅಸಲು, ಅವರ ಹೆಸರಿನಲ್ಲಿದ್ದ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. ಒಟ್ಟು ಅವಧಿ 24 ತಿಂಗಳು ದಾಟಿದ್ದರೆ ಲಾಭವು ದೀರ್ಘಾವಧಿಯದು.

ಆದ್ದರಿಂದ ಮೊದಲು ಮೂಲ ಕ್ರಯಪತ್ರವನ್ನು ಹುಡುಕಿ. ಅದು 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾಗಿದ್ದರೆ, ಕ್ರಯದ ಮೊತ್ತದ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲಾಗಿ ತೆಗೆದುಕೊಳ್ಳಬಹುದು; ಆದರೆ ಆ ದಿನದ ಮಾರ್ಗಸೂಚಿ ಮೌಲ್ಯ (ನೋಂದಣಿಗಾಗಿ ಸರ್ಕಾರ ಗೊತ್ತುಪಡಿಸಿದ ಬೆಲೆ) ಲಭ್ಯವಿದ್ದರೆ ಅದನ್ನು ಮೀರುವಂತಿಲ್ಲ. ನನ್ನ ಮಟ್ಟಿಗೆ ಇಡೀ ಲೆಕ್ಕ ನಿಂತಿರುವುದು ಈ ಒಂದು ಅಂಕಿಯ ಮೇಲೆ. ನೋಂದಾಯಿತ ಮೌಲ್ಯಮಾಪಕರ ವರದಿಗೆ ತಗಲುವ ಖರ್ಚಿಗೆ ದಯವಿಟ್ಟು ಹಿಂಜರಿಯಬೇಡಿ.

ಒಂದು ಉದಾಹರಣೆ ನೋಡೋಣ. ಮೈಸೂರಿನಲ್ಲಿ 1988ರಲ್ಲಿ 1.2 ಲಕ್ಷ ರೂಪಾಯಿಗೆ ಕೊಂಡ ಮನೆಯನ್ನು ಮಗಳು 2025ರ ಆಗಸ್ಟ್‌ನಲ್ಲಿ 95 ಲಕ್ಷಕ್ಕೆ ಮಾರಿದಳು ಎನ್ನೋಣ. ಹಳೆಯ ಕ್ರಯವನ್ನೇ ಹಿಡಿದರೆ 93.8 ಲಕ್ಷದ ಲಾಭಕ್ಕೆ ದೀರ್ಘಾವಧಿಯ ದರವಾದ ಶೇ. 12.5ರಂತೆ ಸುಮಾರು 11.72 ಲಕ್ಷ ತೆರಿಗೆ. 2001ರ ಮೌಲ್ಯ 14 ಲಕ್ಷವೆಂದು ವರದಿಯಿದ್ದರೆ ಅದೇ ದರದಲ್ಲಿ ತೆರಿಗೆ 10.12 ಲಕ್ಷಕ್ಕೆ ಇಳಿಯುತ್ತದೆ. 2024ರ ಜುಲೈ 23ಕ್ಕೆ ಮೊದಲು ಬಂದ ಮನೆಯಾಗಿದ್ದು, ಮಾರುವವರು ಭಾರತದ ನಿವಾಸಿಯಾಗಿದ್ದರೆ, ಅಸಲನ್ನು ಹಣದುಬ್ಬರ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿ ಶೇ. 20ರ ದರದಲ್ಲೂ ಲೆಕ್ಕ ಹಾಕಿ, ಕಡಿಮೆ ಬಂದದ್ದನ್ನು ಕಟ್ಟಬಹುದು. 2001–02ಕ್ಕೆ ಸೂಚ್ಯಂಕ 100, 2025–26ಕ್ಕೆ 376. ಹದಿನಾಲ್ಕು ಲಕ್ಷ 52.64 ಲಕ್ಷವಾಗಿ, ತೆರಿಗೆ ಸುಮಾರು 8.47 ಲಕ್ಷವಾಗುತ್ತದೆ. ತೆರಿಗೆಯ ಮೇಲೆ ಬೀಳುವ ಸರ್ಚಾರ್ಜ್ ಮತ್ತು ಸೆಸ್ ಈ ಮೊತ್ತಗಳಲ್ಲಿ ಸೇರಿಲ್ಲ.

2001ರ ನಂತರ ಮಹಡಿ ಕಟ್ಟಿಸಿದ್ದರೆ ಆ ವೆಚ್ಚವನ್ನೂ ರಸೀದಿಯೊಂದಿಗೆ ಅಸಲಿಗೆ ಸೇರಿಸಬಹುದು. ಬಾಡಿಗೆದಾರರು ಬದಲಾದಾಗಲೆಲ್ಲ ಹೊಡೆಸಿದ ಸುಣ್ಣಬಣ್ಣದ ಖರ್ಚು ಸೇರುವುದಿಲ್ಲ. ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸುವುದು ಅಪಾಯ: ಮಾರ್ಗಸೂಚಿ ಮೌಲ್ಯವು ನಮೂದಿಸಿದ ಬೆಲೆಗಿಂತ ಶೇ. 10ಕ್ಕೂ ಹೆಚ್ಚಿದ್ದರೆ ಆ ಮೌಲ್ಯವೇ ಮಾರಾಟದ ಬೆಲೆಯೆಂದು ಪರಿಗಣಿತವಾಗುತ್ತದೆ.

ಅಣ್ಣತಮ್ಮಂದಿರು, ಅಕ್ಕತಂಗಿಯರು ಜೊತೆಯಾಗಿ ಮಾರಿದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಲಾಭವನ್ನು ತಮ್ಮದೇ ರಿಟರ್ನ್‌ನಲ್ಲಿ ತೋರಿಸಬೇಕು. ಅವರಲ್ಲೊಬ್ಬರು ಅಮೆರಿಕದಲ್ಲಿ ನೆಲೆಸಿದ್ದರೆ ಅವರಿಗೆ ಸೂಚ್ಯಂಕದ ಆಯ್ಕೆಯಿಲ್ಲ. ಕೊಳ್ಳುವವರು ನಿವಾಸಿಗಳ ಪಾಲಿನಿಂದ ಮುರಿಯುವ ಶೇ. 1ರ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಆ ಅನಿವಾಸಿಗೆ ಅನ್ವಯಿಸದೆ ಹೆಚ್ಚು ಹಣ ಕಡಿತವಾಗುತ್ತದೆ. ಆದ್ದರಿಂದ ಕರಾರು ಮಾಡಿಕೊಳ್ಳುವ ಹೊತ್ತಿಗೇ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅವರಿಂದ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿಸಿ.

ತೆರಿಗೆ ಉಳಿಸಲು, ಮಾರಿದ್ದು ವಾಸದ ಮನೆಯಾಗಿದ್ದರೆ, ಬಾಡಿಗೆಗೆ ಕೊಟ್ಟಿದ್ದರೂ, ಲಾಭದ ಹಣದಿಂದ, ಮಾರಾಟಕ್ಕೆ ಮೊದಲಿನ ಒಂದು ವರ್ಷದಲ್ಲಿ ಅಥವಾ ಮಾರಿದ ಎರಡು ವರ್ಷದೊಳಗೆ ಭಾರತದಲ್ಲಿ ಮನೆ ಕೊಳ್ಳಬಹುದು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬಹುದು. ರಿಟರ್ನ್ ಸಲ್ಲಿಸುವ ಕಡೆಯ ದಿನದೊಳಗೆ ಖರ್ಚಾಗದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಮನೆ ಬೇಡವೆನ್ನುವವರು ಆರ್‌ಇಸಿಯಂತಹ (ವಿದ್ಯುತ್ ಯೋಜನೆಗಳಿಗೆ ಸಾಲ ಕೊಡುವ ಸರ್ಕಾರಿ ಕಂಪನಿ) ಅಧಿಸೂಚಿತ ಸಂಸ್ಥೆಗಳ ಐದು ವರ್ಷದ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ತೊಡಗಿಸಬಹುದು. ಅದಕ್ಕೆ ಗಡುವು ಮಾರಾಟದ ದಿನದಿಂದ ಆರು ತಿಂಗಳು ಮಾತ್ರ.